ಬೆರಳಿಗೆ ಸಿಗದ ಬಟನ್: ಕಣ್ಣು ಕಾಣದವರಿಗೆ ಜಿಮ್

ಇವತ್ತಿನ ಸಂಚಿಕೆಯಲ್ಲಿ ನಾವು ಜಿಮ್ ಬಗ್ಗೆ ಮಾತಾಡೋಣ. ತೂಕ ಇಳಿಸೋದು ಹೇಗೆ ಅಂತಲ್ಲ. ಕಣ್ಣು ಕಾಣದವರು, ಮಂದ ದೃಷ್ಟಿ ಇರುವವರು ಅಲ್ಲಿ ವ್ಯಾಯಾಮ ಮಾಡೋದು ಹೇಗೆ ಅಂತ.

ಈ ವಿಷಯ ಹೊಳೆದದ್ದು ನಮ್ಮ ಗೆಳೆಯರೊಬ್ಬರಿಂದ. ಹಾಸನದ ಕಡೆಯವರು, ಈಗ ಇಲ್ಲೇ ಅಮೆರಿಕದಲ್ಲಿದ್ದಾರೆ. ಅವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಅಂದ್ರೆ ಅಕ್ಷಿಪಟಲದ ಜೀವಕೋಶಗಳು ನಿಧಾನವಾಗಿ ನಾಶವಾಗುವ ಆನುವಂಶಿಕ ಕಾಯಿಲೆ. ಸಾಮಾನ್ಯವಾಗಿ ಮೊದಲು ಕತ್ತಲಲ್ಲಿ ಕಾಣೋದು ಕಷ್ಟವಾಗುತ್ತೆ, ಆಮೇಲೆ ಕೊಳವೆಯೊಳಗಿಂದ ನೋಡಿದ ಹಾಗೆ ನೋಟ ಕಿರಿದಾಗುತ್ತಾ ಹೋಗುತ್ತೆ.

ಮನೆ ಹತ್ತಿರದ ಜಿಮ್‌ಗೆ ಅವರು ವರ್ಷಗಟ್ಟಲೆ ಹೋಗ್ತಿದ್ದರು. ಎಡಗಡೆಯಿಂದ ಮೂರನೇ ಟ್ರೆಡ್‌ಮಿಲ್, ಅದರ ಬಟನ್‌ಗಳೆಲ್ಲ ಬೆರಳಿಗೆ ಬಾಯಿಪಾಠ. ಒಂದು ದಿನ ಹೋದರೆ ಹಳೇ ಯಂತ್ರಗಳೇ ಇಲ್ಲ. ಹೊಸದರಲ್ಲಿ ಬಟನ್ ಬದಲು ನುಣ್ಣನೆಯ ದೊಡ್ಡ ಗಾಜು. “ವೇಗದ ಬಟನ್ ಎಲ್ಲಿದೆ ಅಂತ ಹುಡುಕೋಕೆ ಕೈಯಾಡಿಸಿದ್ರೆ ಇನ್ನೇನೋ ಶುರುವಾಗಿಬಿಡುತ್ತೆ. ನಿಲ್ಲಿಸೋ ಕೆಂಪು ಬಟನ್ ಒಂದೇ ಕೈಗೆ ಸಿಗೋದು” ಅಂದರು. ಎರಡು ವಾರದಲ್ಲಿ ಜಿಮ್‌ಗೆ ಹೋಗೋದನ್ನೇ ಬಿಟ್ಟರು.

ಯಾಕೆ ಹೀಗಾಗುತ್ತೆ? ಇಂಥ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುದ್ವಾರಗಳ ಜಾಲ ಇರುತ್ತೆ. ನಮ್ಮ ಮೈ ವಿದ್ಯುತ್ ವಾಹಕ. ಬೆರಳು ತಾಕಿದ ಕೂಡಲೇ ಆ ಜಾಗದ ವಿದ್ಯುತ್ ಧಾರಣೆ ಬದಲಾಗುತ್ತೆ. ಯಂತ್ರಕ್ಕೆ ಅಷ್ಟು ಸಾಕು, ಒತ್ತಬೇಕಾಗಿಲ್ಲ. ಹಳೇ ಬಟನ್‌ನಲ್ಲಿ ಎರಡು ಹಂತ ಇತ್ತು: ಮೊದಲು ತಡವಿ ಹುಡುಕೋದು, ಆಮೇಲೆ ಒತ್ತೋದು. ಗಾಜಿನ ಮೇಲೆ ಹುಡುಕೋದೇ ಒತ್ತೋದು! ಸಮಸ್ಯೆಯ ಬೇರು ಇಲ್ಲಿದೆ.

ಹಾಗಾದ್ರೆ ಫೋನ್ ಕೂಡ ಗಾಜೇ ಅಲ್ವಾ? ಹೌದು. 2009ರಲ್ಲಿ ಐಫೋನ್‌ಗೆ ವಾಯ್ಸ್‌ಓವರ್ ಬಂತು. ಅದರಲ್ಲಿ ಬೆರಳಿಟ್ಟರೆ ಅಲ್ಲಿ ಏನಿದೆ ಅಂತ ಫೋನ್ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಶುರು. ಕಳೆದುಹೋಗಿದ್ದ ಎರಡು ಹಂತ ಹೀಗೆ ವಾಪಸ್ ಸಿಕ್ಕಿತು. ಜಿಮ್ ಯಂತ್ರಗಳಲ್ಲೂ ಇದು ಸಾಧ್ಯ. 2017ರಲ್ಲಿ ಬ್ಲೂಟೂತ್‌ಗೆ ‘ಫಿಟ್‌ನೆಸ್ ಮಷೀನ್ ಸರ್ವಿಸ್’ ಅನ್ನುವ ಸಾಮಾನ್ಯ ಭಾಷೆ ಸೇರಿತು. ಅದು ತಿಳಿದ ಟ್ರೆಡ್‌ಮಿಲ್ ತನ್ನ ವೇಗ, ದೂರ, ಏರುಗಳನ್ನು ಫೋನ್‌ಗೆ ಕಳಿಸಬಲ್ಲದು. ತಯಾರಕರು ಅವಕಾಶ ಕೊಟ್ಟರೆ ಫೋನ್‌ನಿಂದಲೇ ಯಂತ್ರವನ್ನು ನಡೆಸಲೂಬಹುದು.

ಇನ್ನೊಂದು ಸ್ವಾರಸ್ಯ ನೋಡಿ. ಟ್ರೆಡ್‌ಮಿಲ್ ಮೇಲೆ “ಕಂಬಿ ಹಿಡೀಬೇಡಿ, ಕೈ ಬಿಡಿ” ಅಂತ ತರಬೇತುದಾರರು ಹೇಳೋದು ಕೇಳಿರ್ತೀರಿ. ನಮ್ಮ ಸಮತೋಲನಕ್ಕೆ ಕಣ್ಣು, ಒಳಕಿವಿ, ಮತ್ತು ಚರ್ಮ, ಸ್ನಾಯು, ಕೀಲುಗಳಿಂದ ಬರುವ ಸಂದೇಶಗಳು ಮೂರೂ ಬೇಕು. ಜೆಕಾ ಮತ್ತು ಲ್ಯಾಕ್ನರ್ ಅನ್ನುವ ವಿಜ್ಞಾನಿಗಳು 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಿಂತವರು ಅಲುಗಾಡದ ಪಟ್ಟಿಯೊಂದನ್ನು ಬೆರಳ ತುದಿಯಿಂದ ಸುಮ್ಮನೆ ಮುಟ್ಟಿದರು. ಬಲ 1 ನ್ಯೂಟನ್‌ಗಿಂತ ಕಡಿಮೆ, ಅಂದ್ರೆ ಸುಮಾರು 100 ಗ್ರಾಂ ತೂಕದಷ್ಟೂ ಇಲ್ಲ. ಮೈಗೆ ಆಸರೆಯಾಗೋಕೆ ಅದು ಸಾಲದು. ಆದರೂ ಮೈಯ ತೂಗಾಟ ಚೆನ್ನಾಗಿ ಕಡಿಮೆಯಾಯಿತು. ಅದು ನಿಂತವರ ಮೇಲಿನ ಪ್ರಯೋಗ, ನಿಜ. ಆದರೆ ಕಂಬಿ ಮುಟ್ಟೋದು ಬೇರೆ, ಅದರ ಮೇಲೆ ಭಾರ ಹಾಕೋದು ಬೇರೆ ಅಂತ ತಿಳಿಯೋಕೆ ಇಷ್ಟು ಸಾಕು. ಕಾಣದವರಿಗೆ ಆ ಸ್ಪರ್ಶವೇ ಮಾಹಿತಿ.

ಕಾನೂನು ಏನು ಹೇಳುತ್ತೆ? ಅಮೆರಿಕದ 2010ರ ಎಡಿಎ ಮಾನದಂಡದ ಪ್ರಕಾರ ಪ್ರತಿ ಬಗೆಯ ವ್ಯಾಯಾಮ ಯಂತ್ರದಲ್ಲಿ ಕನಿಷ್ಠ ಒಂದರ ಪಕ್ಕ 30 ಇಂಚು ಅಗಲ, 48 ಇಂಚು ಉದ್ದದ ಖಾಲಿ ಜಾಗ ಇರಬೇಕು. ಗಾಲಿಕುರ್ಚಿಗೆ ಇದು ಅನುಕೂಲ. ಆದರೆ ಬಟನ್, ಹಿಡಿಕೆಗಳು ಹೇಗಿರಬೇಕು ಅನ್ನುವ ನಿಯಮದಿಂದ ಅದೇ ಮಾನದಂಡ ವ್ಯಾಯಾಮ ಯಂತ್ರಗಳಿಗೆ ವಿನಾಯಿತಿ ಕೊಟ್ಟಿದೆ. ಯಂತ್ರದ ಪಕ್ಕದವರೆಗೆ ದಾರಿ ಇದೆ, ಯಂತ್ರದೊಳಕ್ಕೆ ಇಲ್ಲ.

ಹೆಚ್ಚು ಖರ್ಚಿಲ್ಲದ ದಾರಿಗಳೂ ಇವೆ. ಬಟನ್ ಇರುವ ಒಂದೆರಡು ಯಂತ್ರಗಳನ್ನು ಉಳಿಸಿಕೊಳ್ಳೋದು. ಚಪ್ಪಟೆ ಬಟನ್‌ಗಳ ಪಕ್ಕ ಉಬ್ಬು ಚುಕ್ಕಿ ಅಂಟಿಸೋದು. ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ. ಹೇಳದೇ ಯಂತ್ರಗಳ ಜಾಗ ಬದಲಿಸದಿರೋದು. ಹೊಸಬರನ್ನು ಮೊದಲ ದಿನ ಎಲ್ಲ ಕಡೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸೋದು. ನಾವು ಮಾಡಬಹುದಾದದ್ದು? ಡಂಬೆಲ್ ತೆಗೆದ ಜಾಗದಲ್ಲೇ ಇಡೋದು. “ಅಲ್ಲಿದೆ ನೋಡಿ” ಅನ್ನೋ ಬದಲು “ನಿಮ್ಮ ಬಲಗಡೆ ಎರಡು ಹೆಜ್ಜೆ” ಅನ್ನೋದು. ಕೇಳದೇ ಅವರ ಕೈ ಹಿಡಿದು ಎಳೆಯದಿರೋದು.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ ಅಂಗವೈಕಲ್ಯ ಇರುವ ವಯಸ್ಕರನ್ನೂ ಸೇರಿಸಿಯೇ ಹೇಳಿತ್ತು. ನಮ್ಮ ಗೆಳೆಯರು ಕೊನೆಗೆ ಮ್ಯಾನೇಜರ್ ಹತ್ತಿರ ಮಾತಾಡಿದರು. ಉಗ್ರಾಣದಲ್ಲಿದ್ದ ಒಂದು ಹಳೇ ಟ್ರೆಡ್‌ಮಿಲ್ ಹೊರಗೆ ಬಂತು. ಈಗ ಅದು ಬಾಗಿಲ ಪಕ್ಕದಲ್ಲೇ ಇದೆ, ಮಂಡಿ ನೋವಿನ ಅಜ್ಜಿಯೊಬ್ಬರಿಗೂ ಅದೇ ಇಷ್ಟವಂತೆ.

ಮುಂದಿನ ಸಲ ಜಿಮ್‌ಗೆ ಹೋದಾಗ, ಯಂತ್ರ ಶುರು ಮಾಡುವ ಮುಂಚೆ ಬಟನ್‌ಗಳು ಬೆರಳಿಗೆ ಸಿಗುತ್ತವಾ ಅಂತ ಒಮ್ಮೆ ನೋಡಿ. ಸಿಗದಿದ್ದರೆ ಅಲ್ಲಿನವರಿಗೆ ಒಂದು ಮಾತು ಹೇಳಿ.