ಗಾಲ್ಫ್ ಚೆಂಡಿನ ಆಯ್ಕೆ: ಹೊಸ ಆಟಗಾರರೂ ವರ್ತಕರೂ ಅರಿತಿರಬೇಕಾದ ಸಂಗತಿಗಳು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಹಳೆಯ ಮದರಾಸು ರಸ್ತೆಯಿಂದ ಬೂದಿಗೆರೆಯ ಮಾರ್ಗವಾಗಿ ಉತ್ತರಕ್ಕೆ ಸಾಗುವ ದಾರಿಯ ಸ್ವರೂಪವೇ ಬದಲಾಯಿತು. ದ್ರಾಕ್ಷಿ, ತರಕಾರಿ ಮತ್ತು ರೇಷ್ಮೆಯ ವ್ಯವಹಾರಕ್ಕೆ ಹೆಸರಾಗಿದ್ದ ಪ್ರದೇಶದಲ್ಲಿ ಉಗ್ರಾಣಗಳು, ಬಿಡಿಭಾಗಗಳ ಘಟಕಗಳು ಹಾಗೂ ವಸತಿ ಬಡಾವಣೆಗಳು ತಲೆಯೆತ್ತಿದವು. ನಂದಿಬೆಟ್ಟದ ದಿಕ್ಕಿನಲ್ಲಿ ಕಾರಹಳ್ಳಿಯ ಬಳಿ ಹದಿನೆಂಟು ಕುಳಿಗಳ ಗಾಲ್ಫ್ ಮೈದಾನವೂ ಬಂದಿತು. ಇದರ ಫಲವಾಗಿ ಹೋಬಳಿ ಮಟ್ಟದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಹಿಂದೆ ಇಲ್ಲದಿದ್ದ ಒಂದು ಆಹ್ವಾನ ಬರತೊಡಗಿದೆ: ಗ್ರಾಹಕ ಸಂಸ್ಥೆಯ ಖರೀದಿ ಅಧಿಕಾರಿಯೊಡನೆ ಭಾನುವಾರ ಬೆಳಿಗ್ಗೆ ಗಾಲ್ಫ್ ಮೈದಾನಕ್ಕೆ ಬರಬೇಕೆಂಬ ಆಹ್ವಾನ. ಆಟ ಕಲಿಯಲು ಹೊರಟವರು ಮೊದಲು ಎಡವುವುದು ಕೋಲಿನ ಆಯ್ಕೆಯಲ್ಲಲ್ಲ; ಕೋಲನ್ನು ಸಾಮಾನ್ಯವಾಗಿ ತರಬೇತುದಾರರೇ ಸೂಚಿಸುತ್ತಾರೆ. ಚೆಂಡನ್ನು ಮಾತ್ರ ಅಂಗಡಿಯಾತನ ಮಾತಿನ ಮೇಲೆ, ಅಥವಾ ದುಬಾರಿಯಾದದ್ದೇ ಒಳ್ಳೆಯದೆಂಬ ನಂಬಿಕೆಯ ಮೇಲೆ ಕೊಳ್ಳುವುದು ವಾಡಿಕೆ. ಒಂದು ವರ್ಷದ ಅವಧಿಯಲ್ಲಿ ಈ ವಾಡಿಕೆ ತೆಗೆಯುವ ವೆಚ್ಚ ಸಣ್ಣದಲ್ಲ.

ಬೆಂಗಳೂರಿಗೆ ಗಾಲ್ಫ್ ಹೊಸದೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಸ್ಥಾಪನೆಯಾಯಿತು. ಆ ಕಾಲದ ಚೆಂಡು ಗಟ್ಟಾಪರ್ಚ ಎಂಬ ಮಲಯ ದೇಶದ ಮರದ ಹಾಲಿನಿಂದ ಮಾಡಿದ್ದು. ಅದಕ್ಕೂ ಮುಂಚೆ ಚರ್ಮದ ಚೀಲದೊಳಗೆ ಒದ್ದೆ ಗರಿಗಳನ್ನು ತುರುಕಿ ಹೊಲಿದ ಚೆಂಡು ಬಳಕೆಯಲ್ಲಿತ್ತು. ನುರಿತ ಕುಶಲಕರ್ಮಿ ಸಹ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಹೊಲಿಯಲಾರದಿದ್ದ ಕಾರಣ ಗಾಲ್ಫ್ ಶ್ರೀಮಂತರಿಗೇ ಮೀಸಲಾಗಿತ್ತು. 1848ರ ಸುಮಾರಿಗೆ ಗಟ್ಟಾಪರ್ಚ ಬಂದು ಬೆಲೆ ಇಳಿದೊಡನೆ ಆಟ ಹರಡಿತು. ಈ ಚೆಂಡುಗಳ ವಿಷಯದಲ್ಲಿ ಆಟಗಾರರು ಒಂದು ವಿಚಿತ್ರವನ್ನು ಗಮನಿಸಿದರು: ಏಟು ತಿಂದು ಮೈಮೇಲೆ ಗಾಯಗಳಾದ ಚೆಂಡು ಹೊಸ ನುಣುಪಾದ ಚೆಂಡಿಗಿಂತ ದೂರ ಹಾರುತ್ತಿತ್ತು. ಇಂದಿನ ಚೆಂಡಿನ ಮೇಲಿರುವ ಗುಳಿಗಳ ಮೂಲ ಇದೇ. ಇಂಗ್ಲೆಂಡಿನ ವಿಲಿಯಂ ಟೇಲರ್ 1905ರಲ್ಲಿ ಗುಳಿಗಳ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಕೋರಿದರು. ಅದಕ್ಕೆ ಮೊದಲೇ, 1898ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರವನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ರೂಪಿಸಿದ್ದರು. ಆಕ್ರನ್ ಟೈರು ತಯಾರಿಕೆಯ ಊರು. ಇಂದಿಗೂ ಬ್ರಿಡ್ಜ್‌ಸ್ಟೋನ್, ಸುಮಿಟೊಮೊ ರಬ್ಬರ್‌ನಂತಹ ಟೈರು ಕಂಪನಿಗಳು ಗಾಲ್ಫ್ ಚೆಂಡಿನ ಉದ್ಯಮದಲ್ಲಿರುವುದು ಆಕಸ್ಮಿಕವಲ್ಲ. ಚೆಂಡಿನ ಜೀವ ಇರುವುದು ರಬ್ಬರಿನಲ್ಲಿ.

ಗುಳಿಗಳು ಮಾಡುವ ಕೆಲಸವನ್ನು ಅರಿಯುವುದು ಆಯ್ಕೆಗೆ ಸಹಕಾರಿ. ನುಣುಪಾದ ಚೆಂಡಿನ ಹಿಂದೆ ಗಾಳಿ ಬೇಗ ಕಳಚಿಕೊಂಡು ಅಗಲವಾದ ಸುಳಿ ಉಂಟಾಗುತ್ತದೆ. ಆ ಸುಳಿಯೇ ಚೆಂಡನ್ನು ಹಿಂದಕ್ಕೆಳೆಯುತ್ತದೆ. ಗುಳಿಗಳು ಚೆಂಡಿನ ಮೈಗಂಟಿದ ಗಾಳಿಯ ತೆಳುಪದರವನ್ನು ಕಲಕುವುದರಿಂದ ಅದು ಹೆಚ್ಚು ದೂರ ಮೈಗಂಟಿಯೇ ಇರುತ್ತದೆ, ಸುಳಿ ಕಿರಿದಾಗುತ್ತದೆ, ಎಳೆತ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಜೊತೆಗೆ ಹಿಮ್ಮುಖ ತಿರುಗುವಿಕೆಯಿಂದ ಚೆಂಡಿಗೆ ಮೇಲೆತ್ತುವ ಬಲ ಸಿಗುತ್ತದೆ. ಸಾಮಾನ್ಯವಾಗಿ ಒಂದು ಚೆಂಡಿನಲ್ಲಿ 300ರಿಂದ 400ರಷ್ಟು ಗುಳಿಗಳಿರುತ್ತವೆ. ಡಬ್ಬಿಯ ಮೇಲೆ ಅಚ್ಚಾದ ಗುಳಿಗಳ ಸಂಖ್ಯೆಯನ್ನು ನೋಡಿ ಕೊಳ್ಳುವುದರಿಂದ ಹೊಸಬರಿಗೆ ಪ್ರಯೋಜನವಿಲ್ಲ. ಆದರೆ ಗುಳಿಗಳಲ್ಲಿ ಬಣ್ಣ ತುಂಬಿಕೊಂಡ, ಮರುಬಳಿದ ಚೆಂಡನ್ನು ಕೊಳ್ಳಬಾರದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ನಿಯಮಗಳು ನಿಗದಿಪಡಿಸಿರುವ ಅಳತೆ ಸರಳ. ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಇವಲ್ಲದೆ ಆರಂಭಿಕ ವೇಗ, ಒಟ್ಟು ದೂರ ಮತ್ತು ಸಮರೂಪತೆಯ ಪರೀಕ್ಷೆಗಳಿವೆ. ಇವುಗಳಲ್ಲಿ ತೇರ್ಗಡೆಯಾದ ಚೆಂಡುಗಳ ಪಟ್ಟಿಯನ್ನು ಆಟದ ನಿಯಂತ್ರಣ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಪ್ರತಿ ತಿಂಗಳೂ ಪ್ರಕಟಿಸುತ್ತವೆ. ಪಟ್ಟಿಯಲ್ಲಿ ಅಗ್ಗದ ಚೆಂಡುಗಳೂ ಇವೆ, ದುಬಾರಿ ಚೆಂಡುಗಳೂ ಇವೆ. ದೂರಕ್ಕೆ ಮೇಲ್ಮಿತಿ ಇರುವುದರಿಂದ ಎರಡು ಪಟ್ಟು ಬೆಲೆ ತೆತ್ತವರ ಚೆಂಡು ಎರಡು ಪಟ್ಟು ಹಾರುವುದು ಹಾಗಿರಲಿ, ಹತ್ತರಲ್ಲೊಂದು ಪಾಲು ಹೆಚ್ಚು ಹಾರುವುದೂ ಇಲ್ಲ.

ಹಾಗಾದರೆ ಬೆಲೆಯ ವ್ಯತ್ಯಾಸ ಯಾವುದಕ್ಕೆ? ಉತ್ತರ ಮುಖ್ಯವಾಗಿ ಹೊದಿಕೆಯಲ್ಲಿದೆ. ಅಗ್ಗದ ಚೆಂಡಿನಲ್ಲಿ ಎರಡೇ ಭಾಗ: ಪಾಲಿಬ್ಯುಟಾಡೈಯೀನ್ ಎಂಬ ಕೃತಕ ರಬ್ಬರಿನ ತಿರುಳು, ಅದರ ಮೇಲೆ ಅಯನೋಮರ್ ಪ್ಲಾಸ್ಟಿಕ್ಕಿನ ಹೊದಿಕೆ. ಈ ಪ್ಲಾಸ್ಟಿಕ್ ಸರ್ಲಿನ್ ಎಂಬ ವ್ಯಾಪಾರನಾಮದಿಂದ ಹೆಚ್ಚು ಪರಿಚಿತ. ಅದು ಗಟ್ಟಿ, ಕಾರು ಓಡುವ ಹಾದಿಗೆ, ಕಲ್ಲಿಗೆ, ಮರಕ್ಕೆ ಬಡಿದರೂ ಬೇಗ ಗೀರು ಬೀಳದು. ದುಬಾರಿ ಚೆಂಡಿನಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಐದು ಪದರಗಳಿದ್ದು ಹೊರಗಿನದು ಮೆತ್ತನೆಯ ಯೂರಿಥೇನ್. 2000ದಲ್ಲಿ ಟೈಟಲಿಸ್ಟ್ ಕಂಪನಿಯ ಪ್ರೋ ವಿ1 ಬಂದ ನಂತರ ದಾರ ಸುತ್ತಿದ ಚೆಂಡು ವೃತ್ತಿಪರರ ಕೈಯಿಂದ ಕೆಲವೇ ವರ್ಷಗಳಲ್ಲಿ ಮಾಯವಾಗಿ ಈ ಬಗೆಯೇ ನೆಲೆಯೂರಿತು. ಯೂರಿಥೇನ್ ಹೊದಿಕೆಯ ಗುಣ ಕಾಣುವುದು ಹಸಿರು ಅಂಗಳದ ಸುತ್ತಲಿನ ಸಣ್ಣ ಹೊಡೆತಗಳಲ್ಲಿ. ಕೋಲಿನ ಮುಖದ ಗೀರುಗಳು ಮೆತ್ತನೆಯ ಹೊದಿಕೆಯನ್ನು ಹಿಡಿದುಕೊಳ್ಳುವುದರಿಂದ ಚೆಂಡು ರಭಸದಿಂದ ಹಿಮ್ಮುಖವಾಗಿ ತಿರುಗಿ, ಬಿದ್ದಲ್ಲಿಯೇ ನಿಲ್ಲುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಅವರಂತಹ ಆಟಗಾರ್ತಿಗೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದವರಿಗೆ, ಆ ನಿಲುಗಡೆಯ ಬೆಲೆ ಅಪಾರ. ಚೆಂಡಿನ ನಡುವಿಗೇ ಕೋಲು ತಾಗಿಸಲು ಇನ್ನೂ ಕಲಿಯುತ್ತಿರುವವರಿಗೆ ಅದು ಸಿಗುವುದೇ ಇಲ್ಲ; ಏಕೆಂದರೆ ಆ ತಿರುಗುವಿಕೆ ಚೆಂಡಿನಿಂದಷ್ಟೇ ಬರುವುದಲ್ಲ, ಹೊಡೆತದಿಂದ ಬರುವುದು.

ಹೊಸಬರ ನಿಜವಾದ ತೊಂದರೆ ಬೇರೆ. ಅವರ ಉದ್ದದ ಹೊಡೆತ ಬಲಕ್ಕೋ ಎಡಕ್ಕೋ ಬಾಗಿ ಪೊದೆಗೆ, ಹೊಂಡಕ್ಕೆ, ಬೇಲಿಯಾಚೆಗೆ ಹೋಗುತ್ತದೆ. ಚೆಂಡು ಓರೆಯಾದ ಅಕ್ಷದಲ್ಲಿ ತಿರುಗುವುದೇ ಇದಕ್ಕೆ ಕಾರಣ. ಒಟ್ಟು ತಿರುಗುವಿಕೆ ಕಡಿಮೆಯಿದ್ದಷ್ಟೂ ಬಾಗುವಿಕೆ ಕೊಂಚ ತಗ್ಗುತ್ತದೆ. ಗಟ್ಟಿ ಹೊದಿಕೆಯ ಎರಡು ಭಾಗದ ಚೆಂಡು ಸಾಮಾನ್ಯವಾಗಿ ಕಡಿಮೆ ತಿರುಗುತ್ತದೆ. ಅಂದರೆ ಇಲ್ಲಿ ಅಗ್ಗದ ಸರಕೇ ಉಪಯುಕ್ತವಾದುದು. ವ್ಯಾಪಾರದಲ್ಲಿ ಅಪರೂಪವಾದ ಇಂತಹ ಸನ್ನಿವೇಶವನ್ನು ಬಿಟ್ಟುಕೊಡುವುದು ಜಾಣತನವಲ್ಲ. ಆದರೆ ‘ನೇರ ಹಾರುವ ಚೆಂಡು’ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಬೀಸುವ ದೋಷ ದೊಡ್ಡದಾಗಿದ್ದರೆ ಯಾವ ಚೆಂಡೂ ಅದನ್ನು ತಿದ್ದದು.

ಈಗ ಲೆಕ್ಕಕ್ಕೆ ಬರುವುದಾದರೆ, ಕಲಿಯುವ ವರ್ಷದಲ್ಲಿ ಒಂದು ಸುತ್ತಿಗೆ ನಾಲ್ಕು ಚೆಂಡು ಕಳೆಯುವುದು ಅಸಾಮಾನ್ಯವಲ್ಲ. ಉದಾಹರಣೆಗೆ ವರ್ಷಕ್ಕೆ ಮೂವತ್ತು ಸುತ್ತು, ಒಂದು ಚೆಂಡಿಗೆ 400 ರೂಪಾಯಿ ಎಂದು ಹಿಡಿದರೆ ಕಳೆದುಹೋದ ಚೆಂಡುಗಳ ಬೆಲೆಯೇ 48,000 ರೂಪಾಯಿ. ಚೆಂಡಿಗೆ 120 ರೂಪಾಯಿಯಾದರೆ ಅದೇ ನಷ್ಟ 14,400 ರೂಪಾಯಿ. ವ್ಯತ್ಯಾಸದ 33,600 ರೂಪಾಯಿಯಲ್ಲಿ ತರಬೇತುದಾರರ ಹಲವು ಪಾಠಗಳನ್ನು ಪಡೆಯಬಹುದು. ಹಣಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ. ದುಬಾರಿ ಚೆಂಡು ಕಳೆದಾಗ ಅದನ್ನು ಹುಡುಕುತ್ತ ನಿಲ್ಲುವ ಮನಸ್ಸಾಗುತ್ತದೆ. ಹಿಂದಿನ ತಂಡ ಕಾಯುತ್ತದೆ. ಜೊತೆಗಿರುವ ಗ್ರಾಹಕರಿಗೆ ಮುಜುಗರವಾಗುತ್ತದೆ. 2019ರಿಂದ ಹುಡುಕಾಟಕ್ಕೆ ಇರುವ ಅವಧಿ ಮೂರು ನಿಮಿಷ ಮಾತ್ರ, ಮೊದಲು ಐದಿತ್ತು. ವ್ಯವಹಾರ ಬೆಳೆಸಲು ಹೋದವರು ಪೊದೆಯಲ್ಲಿ ಬಗ್ಗಿ ಹುಡುಕುತ್ತ ಬೆಳಗನ್ನು ಕಳೆಯುವುದರಲ್ಲಿ ಅರ್ಥವಿಲ್ಲ.

ಡಬ್ಬಿಗಳ ಮೇಲೆ ಕಾಣುವ ಇನ್ನೊಂದು ಪದ ‘ಕಂಪ್ರೆಷನ್’, ಅಂದರೆ ಒತ್ತಿದಾಗ ಚೆಂಡು ಎಷ್ಟು ಕುಗ್ಗುತ್ತದೆಂಬ ಅಳತೆ. ಇದಕ್ಕೆ ನಿಯಮಗಳಲ್ಲಿ ಮಿತಿಯಿಲ್ಲ. ಕಂಪನಿಯಿಂದ ಕಂಪನಿಗೆ ಅಳತೆಯೂ ಒಂದೇ ಅಲ್ಲ. ನಿಧಾನವಾಗಿ ಬೀಸುವವರಿಗೆ ಮೆತ್ತನೆಯ ಚೆಂಡು ಹೆಚ್ಚು ದೂರ ಹೋಗುತ್ತದೆಂಬುದು ಅಂಗಡಿಗಳಲ್ಲಿ ಬಹುಕಾಲದಿಂದ ಹೇಳುತ್ತ ಬಂದ ಮಾತು. ಯಂತ್ರದಿಂದ ಹೊಡೆಸಿದ ಪರೀಕ್ಷೆಗಳು ಇದನ್ನು ಸಮರ್ಥಿಸುವುದಿಲ್ಲ. ಗಟ್ಟಿ ಚೆಂಡೇ ತುಸು ವೇಗವಾಗಿ ಹೊರಡುತ್ತದೆ, ಮತ್ತು ನಿಧಾನದ ಬೀಸಿನಲ್ಲಿ ವ್ಯತ್ಯಾಸ ಅತ್ಯಲ್ಪ. ಆದ್ದರಿಂದ ಕಂಪ್ರೆಷನ್ ಎಂಬುದು ಕೈಗೂ ಕಿವಿಗೂ ಸಂಬಂಧಿಸಿದ ರುಚಿಯ ವಿಷಯ. ತಳ್ಳುಕೋಲಿನಿಂದ ಹೊಡೆದಾಗ ‘ಟಕ್’ ಎಂಬ ಸದ್ದು ಹಿತವೆನಿಸದವರು ಮೆತ್ತನೆಯದನ್ನು ಆರಿಸಲಿ. ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಸ್ಥಳೀಯ ಪರಿಸ್ಥಿತಿಯೂ ಗಮನಾರ್ಹ. ಈ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ ಚೆಂಡು ಕರಾವಳಿಗಿಂತ ನೂರಕ್ಕೆ ಮೂರರಷ್ಟು ಹೆಚ್ಚು ದೂರ ಹಾರುತ್ತದೆ. ಪುಷ್ಯಮಾಸದ ಚಳಿಯ ಬೆಳಗಿನಲ್ಲಿ ರಬ್ಬರು ಬಿಗಿದುಕೊಂಡು ಆ ಲಾಭದ ಒಂದಂಶ ಕೈತಪ್ಪುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಚೆಂಡು ಬಿಡುವುದು ಒಳ್ಳೆಯದಲ್ಲ. ಇನ್ನು ಬಣ್ಣ: ಕೆಂಪು ಮಣ್ಣಿನ ಮೇಲೆ, ಒಣಗಿದ ಹುಲ್ಲಿನ ನಡುವೆ ಕಿತ್ತಳೆ ಬಣ್ಣದ ಚೆಂಡು ಅಡಗಿಬಿಡುತ್ತದೆ, ಪ್ರಖರ ಹಳದಿ ಬೇಗ ಕಣ್ಣಿಗೆ ಬೀಳುತ್ತದೆ. ಬಣ್ಣದ ಚೆಂಡು ಹೊಸಬರ ಲಕ್ಷಣವೆಂಬ ಹಳೆಯ ಸಂಕೋಚ ಈಗ ಉಳಿದಿಲ್ಲ.

ಅಗ್ಗದ ಚೆಂಡು ಎಂದರೆ ಯಾವುದೋ ಒಂದು ಚೆಂಡು ಎಂದಲ್ಲ. ಅಭ್ಯಾಸದ ಅಂಕಣದಲ್ಲಿ ಬುಟ್ಟಿಯಲ್ಲಿ ಕೊಡುವ ಚೆಂಡು ಬಾಳಿಕೆಗಾಗಿ ಮಾಡಿದ್ದು. ಅದರ ಹಾರಾಟ ನೋಡಿ ತಮ್ಮ ದೂರವನ್ನು ಅಳೆಯಬಾರದು. ಹೊಂಡದಿಂದ ತೆಗೆದು ತೊಳೆದು ದರ್ಜೆವಾರು ಮಾರುವ ಚೆಂಡು ಕಲಿಕೆಗೆ ಸಾಕು, ಆದರೆ ನೀರಿನೊಳಗೆ ಎಷ್ಟು ಕಾಲ ಇತ್ತೆಂಬುದು ಹೊರಗಿನಿಂದ ಕಾಣದು. ಸಂಸ್ಥೆಗಳ ಲಾಂಛನ ಮುದ್ರಿಸಿ ಉಳಿದುಹೋದ ಹೊಸ ಚೆಂಡುಗಳು ರಿಯಾಯಿತಿಯಲ್ಲಿ ಸಿಕ್ಕರೆ ಅವೇ ಉತ್ತಮ ಖರೀದಿ. ಆಯ್ಕೆಗೆ ಒಂದು ಸುಲಭ ಕ್ರಮವಿದೆ: ಎರಡು ಮಾದರಿಗಳ ಮೂರು ಮೂರು ಚೆಂಡು ತೆಗೆದುಕೊಂಡು, ಮೊದಲು ಕುಳಿಯ ಬಳಿಯ ತಳ್ಳುಹೊಡೆತ, ನಂತರ ಇಪ್ಪತ್ತು ಮೂವತ್ತು ಗಜದ ಹೊಡೆತಗಳಲ್ಲಿ ಹೋಲಿಸಿ, ಹಿತವಾದ ಒಂದನ್ನೇ ವರ್ಷವಿಡೀ ಬಳಸುವುದು. ದಿನಕ್ಕೊಂದು ಬಗೆಯ ಚೆಂಡು ಬಳಸುವವರಿಗೆ ತಪ್ಪು ಕೈಯದೋ ಚೆಂಡಿನದೋ ಎಂದು ಗೊತ್ತಾಗುವುದೇ ಇಲ್ಲ.

ತಯಾರಿಕೆಯ ಅನುಭವವಿರುವವರಿಗೆ ಮತ್ತೊಂದು ಪರೀಕ್ಷೆ ಆಸಕ್ತಿ ಹುಟ್ಟಿಸಬಹುದು. ಮೇಲಿನ ತೂಕ, ವ್ಯಾಸಗಳಿಂದ ಲೆಕ್ಕ ಹಾಕಿದರೆ ಚೆಂಡಿನ ಸಾಂದ್ರತೆ ನೀರಿನ 1.13ರಷ್ಟು, ಹಾಗಾಗಿ ಅದು ಕೆರೆಯಲ್ಲಿ ಮುಳುಗುತ್ತದೆ, ಆದರೆ ಚೆನ್ನಾಗಿ ಉಪ್ಪು ಕರಗಿಸಿದ ನೀರಿನಲ್ಲಿ ತೇಲುತ್ತದೆ. ತೇಲುವ ಚೆಂಡಿನ ತುದಿಗೆ ಶಾಯಿಯ ಗುರುತು ಹಾಕಿ ಹಲವು ಬಾರಿ ತಿರುಗಿಸಿ ಬಿಡಬೇಕು. ಪ್ರತಿ ಬಾರಿಯೂ ಅದೇ ಗುರುತು ಬೇಗನೆ ಮೇಲೆ ಬಂದರೆ ತಿರುಳು ನಡುವಿನಲ್ಲಿಲ್ಲವೆಂದು ಅರ್ಥ. ಅಂತಹ ಚೆಂಡು ತಳ್ಳುಹೊಡೆತದಲ್ಲಿ ದಾರಿ ತಪ್ಪಬಹುದು. ಸಗಟು ಖರೀದಿಗೆ ಮೊದಲು ಒಂದು ಡಜನ್ ಮಾದರಿಯನ್ನು ಹೀಗೆ ನೋಡಲು ತಗಲುವ ವೆಚ್ಚ ಒಂದು ಪೊಟ್ಟಣ ಉಪ್ಪು.

ಮಾರಾಟಕ್ಕಿಡುವ ವರ್ತಕರು ತಿಳಿದಿರಬೇಕಾದದ್ದು ಇನ್ನಷ್ಟಿದೆ. ಸುಂಕ ವರ್ಗೀಕರಣದಲ್ಲಿ ಗಾಲ್ಫ್ ಚೆಂಡಿನ ಶೀರ್ಷಿಕೆ 9506.32, ತೆರಿಗೆಯ ದರವನ್ನು ಈ ಸಂಖ್ಯೆಯಡಿ ಆಯಾ ಕಾಲಕ್ಕೆ ನೋಡಿಕೊಳ್ಳಬೇಕು. ಆಮದಾದ ಡಬ್ಬಿಯ ಮೇಲೆ ಆಮದುದಾರರ ಹೆಸರು ವಿಳಾಸ, ಮೂಲ ದೇಶ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಈ ಚೀಟಿ ಇಲ್ಲದ, ಬೆಲೆಯಲ್ಲಿ ಅನುಮಾನ ಹುಟ್ಟಿಸುವಷ್ಟು ಅಗ್ಗವಾದ ಹೆಸರಾಂತ ಸರಕನ್ನು ಮುಟ್ಟದಿರುವುದು ಕ್ಷೇಮ. ನಕಲಿ ಹಾವಳಿ ಎಷ್ಟಿತ್ತೆಂದರೆ ಪ್ರಮುಖ ತಯಾರಕರು 2004ರಲ್ಲಿಯೇ ಒಗ್ಗೂಡಿ ಅದರ ವಿರುದ್ಧ ಕಾರ್ಯಪಡೆ ರಚಿಸಿಕೊಂಡರು. ಮರುಬಳಿದ ಚೆಂಡನ್ನು ಮೂಲ ಕಂಪನಿಯ ಮುದ್ರೆಯೊಡನೆ ಹೊಸದೆಂದು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ತೊಡಕಿಗೆ ದಾರಿ.

ಚೆಂಡನ್ನೇ ಇಲ್ಲಿ ತಯಾರಿಸಬಹುದೇ ಎಂಬ ಪ್ರಶ್ನೆ ಸಹಜ. ರಬ್ಬರ್ ಅಚ್ಚು ಹಾಕುವುದೂ ಪ್ಲಾಸ್ಟಿಕ್ ತುಂಬಿ ಎರಕ ಹೊಯ್ಯುವುದೂ ಪೀಣ್ಯ, ದೊಡ್ಡಬಳ್ಳಾಪುರದ ಘಟಕಗಳಿಗೆ ಅಪರಿಚಿತವಲ್ಲ. ಆದರೆ ಹಕ್ಕುಸ್ವಾಮ್ಯಗಳ ದಟ್ಟಣೆ, ಪರೀಕ್ಷಾ ಅನುಮೋದನೆ ಮತ್ತು ಅಪಾರ ಪ್ರಮಾಣದಲ್ಲಿ ತಯಾರಿಸಿದರಷ್ಟೇ ಗಿಟ್ಟುವ ಬೆಲೆ, ಈ ಮೂರನ್ನೂ ಸಣ್ಣ ಘಟಕ ದಾಟುವುದು ಕಷ್ಟ. ಪ್ಯಾಡ್ ಮುದ್ರಣ ಯಂತ್ರವಿರುವವರಿಗೆ ಲಾಂಛನ ಮುದ್ರಣ ಕೈಗೆಟುಕುವ ಕೆಲಸ. ಚೆಂಡನ್ನಿಡುವ ಮರದ ಗೂಟವಂತೂ ಚನ್ನಪಟ್ಟಣದ ಚರಕಿಗೆ ಹೇಳಿ ಮಾಡಿಸಿದಂತಹುದು.

ದಾಸ್ತಾನಿನ ವಿಷಯದಲ್ಲಿ ಒಂದು ಮುನ್ನೆಚ್ಚರಿಕೆ. ದೂರದ ಪರೀಕ್ಷೆಯನ್ನು ಬಿಗಿಗೊಳಿಸುವ ನಿರ್ಧಾರವನ್ನು ನಿಯಂತ್ರಣ ಸಂಸ್ಥೆಗಳು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದು, ಹವ್ಯಾಸಿ ಆಟಗಾರರಿಗೆ ಅದು 2030ರಿಂದ ಅನ್ವಯಿಸಲೆಂದು ಉದ್ದೇಶಿಸಲಾಗಿದೆ. ಬಹುತೇಕ ಹವ್ಯಾಸಿಗಳು ಕಳೆದುಕೊಳ್ಳುವ ದೂರ ಐದು ಗಜ ಅಥವಾ ಅದಕ್ಕೂ ಕಡಿಮೆ ಎಂಬುದು ಆ ಸಂಸ್ಥೆಗಳ ಅಂದಾಜು. ಆಟಗಾರರಿಗೆ ಇದು ಚಿಂತೆಯ ವಿಷಯವಲ್ಲ. 2029ರ ಸುಮಾರಿಗೆ ಸಗಟು ಬೇಡಿಕೆ ಸಲ್ಲಿಸುವವರು ಮಾತ್ರ, ತಾವು ಕೊಳ್ಳುವ ಮಾದರಿ ಹೊಸ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕಾಗುತ್ತದೆ.