ಜಿಬಿಎಸ್ ಪಾಸಿಟಿವ್ ಬಂದಿದೆ, ತವರಿಗೆ ಹೋಗಲೋ ಬೇಡವೋ?

ಪ್ರಶ್ನೆ: ಗಂಡನ ಮನೆ ಬೆಳಗಾವಿ, ತವರು ಖಾನಾಪುರ ತಾಲ್ಲೂಕಿನ ಜಾಂಬೋಟಿ ಹತ್ತಿರ. ಎರಡನೇ ಬಸಿರು, 36 ವಾರ ತುಂಬಿದೆ. ಇಲ್ಲಿನ ಖಾಸಗಿ ಆಸ್ಪತ್ರೆಯಲ್ಲಿ ಸ್ವಾಬ್ ತೆಗೆದು ‘ಗ್ರೂಪ್ ಬಿ ಸ್ಟ್ರೆಪ್ (ಜಿಬಿಎಸ್) ಪಾಸಿಟಿವ್’ ಎಂದು ರಿಪೋರ್ಟ್ ಕೊಟ್ಟಿದ್ದಾರೆ. ‘ಗಾಬರಿ ಬೇಡ, ಹೆರಿಗೆ ಹೊತ್ತಿಗೆ ಇಂಜೆಕ್ಷನ್ ಕೊಡ್ತೀವಿ’ ಅಂದರೇ ಹೊರತು ಡಾಕ್ಟರು ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಅತ್ತೆಯವರು ‘ಇಂಥಾ ರೋಗ ಎಲ್ಲಿಂದ ಹಚ್ಚಿಕೊಂಡು ಬಂದಿ?’ ಎಂದು ಕೇಳಿದ್ದು ಮನಸ್ಸಿಗೆ ನಾಟಿದೆ. ನಮ್ಮವರು ಪುಣೆಯಲ್ಲಿ ಬಂದಿದ್ದ ಜಿಬಿಎಸ್ ಇದೇ ಇರಬೇಕು ಅಂತಾರೆ. ಮುಂದಿನ ವಾರ ತವರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಮೊದಲ ಮಗು ನೋವು ಶುರುವಾದ ಐದೇ ತಾಸಿಗೆ ಹುಟ್ಟಿತ್ತು. ಸಿಸೇರಿಯನ್ ಮಾಡಿಸಿಕೊಂಡರೆ ಅಪಾಯ ತಪ್ಪುತ್ತದೆಯೇ? ಮಗುವಿಗೆ ಹಾಲು ಕೊಡಬಹುದೇ?
– ಹೆಸರು ಬೇಡ, ಬೆಳಗಾವಿ

ಉತ್ತರ: ತಂಗಿ, ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಹೆಚ್ಚು ನೋಯಿಸಿರುವುದು ಅದೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಇದನ್ನು ನೀವು ಎಲ್ಲಿಂದಲೂ ಹಚ್ಚಿಕೊಂಡು ಬಂದಿಲ್ಲ. ಈ ಬ್ಯಾಕ್ಟೀರಿಯಾ ಆರೋಗ್ಯವಂತರ ಕರುಳಿನಲ್ಲಿ, ಹೆಂಗಸರ ಯೋನಿಯಲ್ಲಿ ಸುಮ್ಮನೆ ಇರುತ್ತದೆ, ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಇದನ್ನು ಲೈಂಗಿಕ ರೋಗಗಳ ಪಟ್ಟಿಗೆ ಸೇರಿಸಿಲ್ಲ. ನಡತೆಗೂ ಇದಕ್ಕೂ ಸಂಬಂಧವಿಲ್ಲ, ಮಡಿ ಮೈಲಿಗೆಗೂ ಸಂಬಂಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಗರ್ಭಿಣಿಯರ ಮೈಯಲ್ಲಿ ಇದು ಇರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಪರೀಕ್ಷೆಯನ್ನೇ ಮಾಡುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ. ಅತ್ತೆಯವರು ಹೆತ್ತಾಗ ಅವರ ಮೈಯಲ್ಲೂ ಇದ್ದಿರಬಹುದು.

2025ರ ಜನವರಿಯಲ್ಲಿ ಪುಣೆಯಲ್ಲಿ ಹಬ್ಬಿದ್ದು ಗಿಲಾನ್-ಬಾರಿ ಸಿಂಡ್ರೋಮ್ ಎಂಬ ನರಗಳ ಕಾಯಿಲೆ. ಪತ್ರಿಕೆಗಳು ಅದನ್ನೂ ಜಿಬಿಎಸ್ ಎಂದೇ ಬರೆದವು. ನಿಮ್ಮ ರಿಪೋರ್ಟಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಮನೆಯವರಿಗೆ ತಿಳಿಸಿಬಿಡಿ.

ಹಾಗಾದರೆ ಭಯ ಯಾವುದಕ್ಕೆ? ಮಗು ಹೊರಬರುವ ದಾರಿಯಲ್ಲಿ ಈ ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಳ್ಳಬಹುದು. ಔಷಧ ಕೊಡದಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಅಂಟುತ್ತದೆ, ಆದರೆ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಅಂಟಿಕೊಂಡವರಲ್ಲಿ ನೂರಕ್ಕೆ ಒಂದೋ ಎರಡೋ ಮಕ್ಕಳಿಗೆ ಮಾತ್ರ ರಕ್ತಕ್ಕೆ, ಶ್ವಾಸಕೋಶಕ್ಕೆ ಅಥವಾ ಮಿದುಳಿನ ಪೊರೆಗೆ ಸೋಂಕು ತಗಲುತ್ತದೆ. ಅದು ಗಂಭೀರ, ಮತ್ತು ಬಹಳ ಬೇಗ, ಹೆಚ್ಚಾಗಿ ಮೊದಲ ದಿನವೇ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಸಿಡಿಸಿ ಲೆಕ್ಕದಂತೆ, ಪಾಸಿಟಿವ್ ಇರುವ ತಾಯಿಗೆ ಹೆರಿಗೆ ನೋವಿನ ಹೊತ್ತಿನಲ್ಲಿ ಆಂಟಿಬಯೋಟಿಕ್ ಕೊಡದಿದ್ದರೆ ಕಾಯಿಲೆ ಬೀಳುವುದು 200 ಮಕ್ಕಳಲ್ಲಿ ಒಂದು, ಕೊಟ್ಟರೆ 4000ದಲ್ಲಿ ಒಂದು. ಇಷ್ಟು ಸರಳವಾದ ಚಿಕಿತ್ಸೆಯಿಂದ ಇಷ್ಟು ಲಾಭ ಸಿಗುವುದು ವೈದ್ಯಕೀಯದಲ್ಲಿ ಅಪರೂಪ. ಶಿಕಾಗೋದ ವೈದ್ಯರು 1986ರಲ್ಲೇ ಇದನ್ನು ತೋರಿಸಿಕೊಟ್ಟರು.

ಡಾಕ್ಟರು ಈಗ ಮಾತ್ರೆ ಬರೆಯದಿದ್ದುದು ಅಸಡ್ಡೆಯಲ್ಲ, ಅದೇ ಸರಿಯಾದ ಕ್ರಮ. ಈಗ ಮಾತ್ರೆ ನುಂಗಿದರೆ ಬ್ಯಾಕ್ಟೀರಿಯಾ ಕೆಲವು ದಿನ ಅಡಗಿ, ಹೆರಿಗೆ ಹೊತ್ತಿಗೆ ಕರುಳಿನಿಂದ ಮತ್ತೆ ಬಂದು ಕೂರುತ್ತದೆ. ಮೂತ್ರದ ಕಲ್ಚರ್‌ನಲ್ಲಿ ಸೋಂಕು ಕಂಡಿದ್ದರೆ ಮಾತ್ರ ಈಗಲೇ ಔಷಧ ಬೇಕು, ಆ ರಿಪೋರ್ಟ್ ಏನು ಹೇಳುತ್ತದೆ ಎಂದು ಒಮ್ಮೆ ಕೇಳಿ. ಒಳಗೆ ಡೆಟಾಲ್ ಹಾಕಿ ತೊಳೆಯುವುದು, ಬೆಳ್ಳುಳ್ಳಿ ಇಡುವುದು ಇವನ್ನೆಲ್ಲ ಖಂಡಿತ ಮಾಡಬೇಡಿ.

ನಿಮ್ಮ ಚಿಕಿತ್ಸೆ ನಿಂತಿರುವುದು ಸಮಯದ ಮೇಲೆ. ನೋವು ಶುರುವಾದಾಗ ಅಥವಾ ನೀರು ಹೋದಾಗ ಕೈಗೆ ಸೂಜಿ ಹಾಕಿ ಪೆನಿಸಿಲಿನ್ ಇಲ್ಲವೇ ಆಂಪಿಸಿಲಿನ್ ರಕ್ತನಾಳಕ್ಕೆ ಕೊಡುತ್ತಾರೆ. ಆಂಪಿಸಿಲಿನ್ ಆದರೆ ಮೊದಲು 2 ಗ್ರಾಂ, ಆಮೇಲೆ ಮಗು ಹುಟ್ಟುವವರೆಗೆ 4 ತಾಸಿಗೊಮ್ಮೆ 1 ಗ್ರಾಂ. ಮೊದಲ ಡೋಸ್ ಹೋಗಿ ಕನಿಷ್ಠ 4 ತಾಸು ಕಳೆದ ಮೇಲೆ ಮಗು ಹುಟ್ಟಿದರೆ ಪೂರ್ತಿ ರಕ್ಷಣೆ ಸಿಕ್ಕಿತೆಂದು ಲೆಕ್ಕ. ನಿಮ್ಮ ಮೊದಲ ಹೆರಿಗೆ ಐದು ತಾಸಿಗೆ ಆಗಿದೆ, ಎರಡನೆಯದು ಇನ್ನೂ ಬೇಗ ಆಗಬಹುದು. ಜಾಂಬೋಟಿ ಕಡೆಯ ಊರಿನಲ್ಲಿ ನಡುರಾತ್ರಿ ನೋವು ಶುರುವಾಗಿ, ಗಾಡಿ ಸಿಕ್ಕು, ಮಳೆಯಲ್ಲಿ ಆ ಕಾಡುದಾರಿ ದಾಟಿ ಬೆಳಗಾವಿಯ ಲೇಬರ್ ವಾರ್ಡ್ ಮುಟ್ಟುವಷ್ಟರಲ್ಲಿ ನಾಲ್ಕು ತಾಸಿನಲ್ಲಿ ಉಳಿಯುವುದೆಷ್ಟು? ಖಾನಾಪುರ ಪಟ್ಟಣದಿಂದಲೇ ಬೆಳಗಾವಿ ಸುಮಾರು 26 ಕಿ.ಮೀ. ಪಶ್ಚಿಮಘಟ್ಟದ ಸೆರಗಿನ ಊರುಗಳಿಗೆ ಆಷಾಢ ಶ್ರಾವಣದಲ್ಲಿ ಹೋಗಿಬಂದವರಿಗೆ ಆ ದಾರಿ ಏನೆಂದು ಗೊತ್ತು.

ಆದ್ದರಿಂದ ನನ್ನ ಸಲಹೆ ಖಡಾಖಂಡಿತ: ಹೆರಿಗೆ ಆಗುವವರೆಗೆ ಬೆಳಗಾವಿಯಲ್ಲೇ ಇರಿ. ತವರಿನ ಬಾಣಂತನ ತಪ್ಪಬೇಕಿಲ್ಲ, ಅವ್ವನನ್ನೇ ಇಲ್ಲಿಗೆ ಕರೆಸಿಕೊಳ್ಳಿ, ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಂಡು ಹೋಗಿ. ಖರ್ಚಿನ ಚಿಂತೆಯಿದ್ದರೆ ಬಿಮ್ಸ್ ಜಿಲ್ಲಾಸ್ಪತ್ರೆ ಇದೆ, ಅಲ್ಲಿಯೂ ಈ ಇಂಜೆಕ್ಷನ್ ಕೊಡುತ್ತಾರೆ. ಹೋಗಲೇಬೇಕಾಗಿ ಬಂದು ಊರಲ್ಲೇ ನೋವು ಕಾಣಿಸಿಕೊಂಡರೆ ಬೆಳಗಾವಿಯೇ ಬೇಕೆಂದು ಹಟ ಹಿಡಿಯಬೇಡಿ. ಆಂಪಿಸಿಲಿನ್ ಅಪರೂಪದ ಔಷಧವಲ್ಲ. ಹತ್ತಿರವಿದ್ದರೆ ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಡೋಸ್ ಹಾಕಿಸಿಕೊಳ್ಳಿ, ಮುಂದಿನದನ್ನು ಅಲ್ಲಿನ ವೈದ್ಯರು ನಿರ್ಧರಿಸಲಿ. ನೋವಿಲ್ಲದೆ ಬರೀ ನೀರು ಹೋದರೂ ‘ಬೆಳಗಾಗಲಿ, ನೋಡೋಣ’ ಎಂದು ಕಾಯಬೇಡಿ. ಇಷ್ಟಾಗಿಯೂ ನಾಲ್ಕು ತಾಸು ತುಂಬುವ ಮೊದಲೇ ಮಗು ಹುಟ್ಟಿದರೆ ಅನಾಹುತವೇನಲ್ಲ, ಎರಡು ತಾಸಿನ ಔಷಧವೂ ಕೆಲಸ ಮಾಡಿರುತ್ತದೆ. ಮಗುವನ್ನು ಎರಡು ದಿನ ಆಸ್ಪತ್ರೆಯಲ್ಲೇ ಇಟ್ಟು ನೋಡುತ್ತಾರೆ. ಆಗ ‘ಚೆನ್ನಾಗೇ ಇದೆಯಲ್ಲ’ ಎಂದು ಬೇಗ ಡಿಸ್ಚಾರ್ಜ್ ಕೇಳಬೇಡಿ.

ಹಿಂದೆ ಪೆನಿಸಿಲಿನ್ ಚುಚ್ಚಿದಾಗ ಮೈಮೇಲೆ ದದ್ದು, ಮುಖ ಊತ, ಉಸಿರಾಟದ ತೊಂದರೆ ಆಗಿದ್ದರೆ ಈ ವಾರವೇ ಡಾಕ್ಟರಿಗೆ ಹೇಳಿ. ಬೇರೆ ಔಷಧ ಹಿಡಿಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡಲು ಸಮಯ ಬೇಕಾಗುತ್ತದೆ.

ಜಿಬಿಎಸ್ ಒಂದಕ್ಕೇ ಸಿಸೇರಿಯನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ. ಎದೆಹಾಲನ್ನು ಧಾರಾಳವಾಗಿ, ಹುಟ್ಟಿದ ಮೊದಲ ತಾಸಿನಿಂದಲೇ ಕೊಡಿ. ‘ಹೆರಿಗೆ ನೋವಿನಲ್ಲಿ ಒಂದು ಮಾತ್ರೆ ನುಂಗಿದರೆ ಸಾಕಂತೆ’ ಎಂದು ಯಾರಾದರೂ ಹೇಳಬಹುದು. ಅದು ಅಜಿತ್ರೊಮೈಸಿನ್ ಮಾತು. ಏಳು ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ತಂಡವೂ ಇತ್ತೆಂಬುದು ಹೆಮ್ಮೆಯ ವಿಷಯ. ಅದರಿಂದ ತಾಯಂದಿರ ನಂಜು ಕಡಿಮೆಯಾಯಿತು, ಆದರೆ ಮಕ್ಕಳ ನಂಜು ಕಡಿಮೆಯಾಗಲಿಲ್ಲ. ನಿಮ್ಮ ಇಂಜೆಕ್ಷನ್‌ಗೆ ಅದು ಬದಲಿಯಲ್ಲ.

ಇನ್ನೊಂದು ವಿಷಯ ಅವ್ವನಿಗೂ ಅತ್ತೆಯವರಿಗೂ ಗೊತ್ತಿರಬೇಕು. ಹೆರಿಗೆ ಹೊತ್ತಿನ ಇಂಜೆಕ್ಷನ್ ಮೊದಲ ವಾರದ ಕಾಯಿಲೆಯನ್ನು ತಡೆಯುತ್ತದೆ, ಮೂರು ತಿಂಗಳೊಳಗೆ ಅಪರೂಪಕ್ಕೆ ಬರುವ ತಡವಾದ ಸೋಂಕನ್ನು ತಡೆಯುವುದಿಲ್ಲ. ಬಾಣಂತಿ ಕೋಣೆಯ ಕತ್ತಲಲ್ಲಿ, ಅಗ್ಗಿಷ್ಟಿಕೆಯ ಬಿಸಿಯಲ್ಲಿ ಮಗು ಹಾಲು ಬಿಟ್ಟು ಮಲಗಿದ್ದರೆ ‘ಪಾಪ, ನಿದ್ದೆ ಮಾಡ್ತದ’ ಎಂದು ಸುಮ್ಮನಿರುವುದು ಸುಲಭ. ಎಬ್ಬಿಸಿದರೂ ಮೊಲೆ ಹಿಡಿಯದ, ಕೈಕಾಲು ಸಡಿಲ ಬಿಟ್ಟ, ನರಳುತ್ತ ಉಸಿರಾಡುವ, ಎದೆಗೂಡು ಒಳಕ್ಕೆ ಸೆಳೆಯುವ, ಮೈ ಸುಡುವ ಅಥವಾ ತಣ್ಣಗಾದ ಮಗುವನ್ನು ದೃಷ್ಟಿ ತೆಗೆಯುತ್ತ, ಬಜೆ ತೇಯ್ದು ಹಾಕುತ್ತ ಕೂರಬಾರದು. ಆ ತಾಸಿನಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ನಾಳೆಯೇ ತಾಯಿ ಕಾರ್ಡಿನ ಮೇಲ್ಭಾಗದಲ್ಲಿ ‘ಜಿಬಿಎಸ್ ಪಾಸಿಟಿವ್, ಹೆರಿಗೆ ನೋವಿನಲ್ಲಿ ಆಂಟಿಬಯೋಟಿಕ್’ ಎಂದು ಡಾಕ್ಟರ ಕೈಯಲ್ಲೇ ಕೆಂಪು ಶಾಯಿಯಲ್ಲಿ ಬರೆಸಿ. ರಿಪೋರ್ಟಿನ ಫೋಟೊ ನಿಮ್ಮವರ ಮೊಬೈಲಿನಲ್ಲೂ ಆಶಾ ಕಾರ್ಯಕರ್ತೆಯ ಮೊಬೈಲಿನಲ್ಲೂ ಇರಲಿ. 108 ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಮ್ಮವರು ಹೇಳಬೇಕಾದ ಮೊದಲ ಮಾತು ಈ ರಿಪೋರ್ಟಿನದೇ ಆಗಿರಲಿ.