ಚೆಂಡು ಹೂವಿನ ಒಂದು ಎಕರೆಗೆ ನೀವೇ ಪ್ರಾಜೆಕ್ಟ್ ಮ್ಯಾನೇಜರ್

ಐಟಿ ಕಂಪನಿಯಲ್ಲಿರೋ ಗೆಳೆಯರು 'ಪ್ರಾಜೆಕ್ಟ್ ಮ್ಯಾನೇಜರ್' ಅಂದಾಗ ನಮಗೆ ಅದು ದೂರದ ಮಾತು ಅನಿಸುತ್ತೆ. ಆದರೆ ಒಂದು ಕೆಲಸಕ್ಕೆ ಕೊನೆ ದಿನ, ಇಂತಿಷ್ಟೇ ದುಡ್ಡು, ಇಂತಿಷ್ಟೇ ಆಳು ಅಂತ ಇದ್ದರೆ ಅದು ಪ್ರಾಜೆಕ್ಟೇ. ಆಯುಧ ಪೂಜೆಗೆ ಬೆಳೆಯೋ ಚೆಂಡು ಹೂವನ್ನೇ ನೋಡಿ. ಹಬ್ಬಕ್ಕೆ ಮುಂಚಿನ ಎರಡು ಮೂರು ದಿನ ಹೂವಿಗೆ ಬೆಲೆ. ಹಬ್ಬ ಮುಗಿದ ಮೇಲೆ ಅದೇ ಹೂವು ಮಂಡಿಯಲ್ಲಿ ರಾಶಿ ಬಿದ್ದಿರುತ್ತೆ. ರಾಗಿ ಥರ ಇಟ್ಟುಕೊಂಡು ಒಳ್ಳೆ ರೇಟಿಗೆ ಕಾಯೋಕೆ ಆಗಲ್ಲ.

ಹಾಗಾಗಿ ಈ ವಾರ ಗೊಬ್ಬರ, ಔಷಧಿಗಿಂತ ಕೆಲಸ ನಡೆಸುವ ರೀತಿಯ ಬಗ್ಗೆ ಬರೀತಿದ್ದೀನಿ. ಕಾಲೇಜಿನಲ್ಲಿ ತೋಟಗಾರಿಕೆ ಓದುವಾಗ ಬೆಳೆ ಕಲಿತೆ. ಆಳು, ದಿನ, ದುಡ್ಡು ಮೂರನ್ನೂ ಒಟ್ಟಿಗೆ ತೂಗಿಸೋದು ಹೊಲದಲ್ಲೇ ಕಲಿತದ್ದು.

1. ಕೊನೆಯಿಂದ ಹಿಂದಕ್ಕೆ ಎಣಿಸಿ

ಬಹಳ ಜನ "ಮಳೆ ಬಂತು, ಸಸಿ ಹಾಕೋಣ" ಅಂತ ಮುಂದಕ್ಕೆ ಹೋಗ್ತಾರೆ. ಹಬ್ಬದ ಬೆಳೆಗೆ ಲೆಕ್ಕ ಉಲ್ಟಾ ಇರಬೇಕು. ಆಯುಧ ಪೂಜೆ ಅಕ್ಟೋಬರ್ 20 ಅಂತ ಇಟ್ಟುಕೊಳ್ಳೋಣ. ನಿಮ್ಮ ವರ್ಷದ ಪಂಚಾಂಗ ನೋಡಿ ದಿನ ಬದಲಿಸಿಕೊಳ್ಳಿ.

- ಅಕ್ಟೋಬರ್ 16ರಿಂದ 19: ದೊಡ್ಡ ಕೊಯ್ಲು.
- ಅಕ್ಟೋಬರ್ 14ರ ಸುಮಾರಿಗೆ ಗಿಡ ತುಂಬಾ ಹೂ ಬೇಕು. ನಾಟಿಯಿಂದ ಇದಕ್ಕೆ ಸುಮಾರು 60 ದಿನ ಹಿಡಿದರೆ ನಾಟಿ ಆಗಸ್ಟ್ 15ಕ್ಕೆ.
- ಟ್ರೇ ಸಸಿಗೆ ಸುಮಾರು 25 ದಿನ. ಅಂದರೆ ಬೀಜ ಬೀಳಬೇಕಾದ್ದು ಜುಲೈ 20ಕ್ಕೆ.
- ಆಗಸ್ಟ್ 5ರೊಳಗೆ ಸಾಲು, ಗೊಬ್ಬರ, ಡ್ರಿಪ್ ಎಲ್ಲಾ ಮುಗಿದಿರಬೇಕು.
- ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ನೆರಳಲ್ಲಿ, ತೇವದಲ್ಲಿ 15 ದಿನ ಇರಬೇಕು. ಅದನ್ನ ಬೆರೆಸೋದೂ ಜುಲೈ 20ರೊಳಗೇ.

ತಳಿ ಮೇಲೆ ಈ ದಿನಗಳು ಹೆಚ್ಚು ಕಡಿಮೆ ಆಗುತ್ತವೆ. ನರ್ಸರಿಯವರನ್ನ "ಮೊದಲ ಹೂ ಎಷ್ಟು ದಿನಕ್ಕೆ, ತುಂಬು ಹೂ ಎಷ್ಟು ದಿನಕ್ಕೆ?" ಅಂತ ಎರಡೂ ಕೇಳಿ. ತುದಿ ಚಿವುಟಿದರೆ ಕವಲು ಜಾಸ್ತಿ, ಆದರೆ ಮೊದಲ ಹೂ ಕೆಲವು ದಿನ ತಡ. ಚಿವುಟ್ತೀರೋ ಇಲ್ಲವೋ ಮೊದಲೇ ತೀರ್ಮಾನಿಸಿ, ಆ ದಿನಗಳನ್ನೂ ಸೇರಿಸಿಕೊಳ್ಳಿ.

2. ಯಾವುದು ತಡ ಆದರೆ ಎಲ್ಲಾ ತಡ?

ಪಟ್ಟಿಯಲ್ಲಿ ಎಲ್ಲಾ ಕೆಲಸಕ್ಕೂ ಒಂದೇ ತೂಕ ಇಲ್ಲ. ಕ್ರೇಟ್ ತರೋದು ಹತ್ತು ದಿನ ತಡ ಆದರೂ ನಡೆಯುತ್ತೆ. ಬೀಜ ಐದು ದಿನ ತಡ ಬಿದ್ದರೆ ಹೂವೂ ಐದು ದಿನ ತಡ, ಅಷ್ಟೊತ್ತಿಗೆ ಹಬ್ಬವೇ ಮುಗಿದಿರುತ್ತೆ. ಇಂಥ ಕೆಲಸಗಳಿಗೆ ಕೆಂಪು ಗುರುತು ಹಾಕಿ: ಸಸಿ ಬುಕಿಂಗ್, ನೆಲ ತಯಾರಿ, ನಾಟಿ, ಕೊಯ್ಲಿನ ಆಳು.

ಸಸಿ ಲೆಕ್ಕವೂ ಈಗಲೇ ಮಾಡಿ. 60 × 45 ಸೆಂ.ಮೀ. ಅಂತರಕ್ಕೆ ಎಕರೆಗೆ ಸುಮಾರು 15,000 ಗಿಡ ಹಿಡಿಯುತ್ತೆ. ಸತ್ತ ಜಾಗ ತುಂಬೋಕೆ 10% ಸೇರಿಸಿದರೆ 16,500. ಟ್ರೇಗೆ 98 ಗುಣಿ ಅಂದರೆ 169 ಟ್ರೇ. ಜುಲೈ ಮೊದಲ ವಾರವೇ ಅಡ್ವಾನ್ಸ್ ಕೊಟ್ಟು, ಸಸಿ ಕೊಡೋ ತಾರೀಖನ್ನ ರಸೀದಿಯಲ್ಲಿ ಬರೆಸಿಕೊಳ್ಳಿ.

ಜೀವಾಮೃತಕ್ಕೂ ಇದೇ ಲೆಕ್ಕ. ಕಲಸಿ ಎರಡು ಮೂರು ದಿನ ನೆರಳಲ್ಲಿ ಹುಳಿಯಬೇಕು, ವಾರದೊಳಗೆ ಖಾಲಿ ಆಗಬೇಕು. ನಾನು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಹಾಕೋದು 'ಜೀವಾಮೃತ ಬಿಡುವ ದಿನ' ಅಲ್ಲ, ಅದಕ್ಕೆ ಮೂರು ದಿನ ಮುಂಚಿನ 'ಕಲಸುವ ದಿನ'.

3. ಒಂದು ಕೆಲಸ, ಒಂದು ಹೆಸರು

"ಯಾರಾದ್ರೂ ಮೋಟಾರ್ ಹಾಕ್ರಪ್ಪಾ" ಅಂದರೆ ಯಾರೂ ಹಾಕಲ್ಲ. ನೀರು ತಮ್ಮಂದು, ಹುಳ ನೋಡೋದು ಅಮ್ಮಂದು, ಮಂಡಿ ಫೋನ್ ನಂದು, ಹೀಗೆ ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರು ಇರಲಿ. ಬೆಳಿಗ್ಗೆ ಕಾಫಿ ಹೊತ್ತಲ್ಲಿ ಹತ್ತು ನಿಮಿಷ ಸಾಕು: ನಿನ್ನೆ ಏನಾಯ್ತು, ಇವತ್ತು ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದೆ. ಅಪ್ಪನಿಗೆ ವಾಟ್ಸ್ಆ್ಯಪ್ ಬೇಡ ಅಂದರೆ ಗೋಡೆ ಮೇಲಿನ ಕ್ಯಾಲೆಂಡರೇ ನಿಮ್ಮ ಬೋರ್ಡ್. ಮನೆಯ ಹಿರಿಯರಿಗೆ ಕಾಣದ ಯೋಜನೆ ಮನೆಯಲ್ಲಿ ನಡೆಯಲ್ಲ.

ಕೊಯ್ಲಿನ ಆಳಿಗೆ ಮೇಸ್ತ್ರಿ ಅಕ್ಕನ ಹತ್ತಿರ ಸೆಪ್ಟೆಂಬರಲ್ಲೇ ಮಾತಾಡಿ. ಆ ವಾರ ಊರೆಲ್ಲಾ ಹೂ ಕೀಳುತ್ತಿರುತ್ತೆ. ಕೂಲಿ, ಊಟ, ಆಟೋ ಯಾರದು ಅಂತ ಮೊದಲೇ ಮಾತಾಗಲಿ. ಮೊದಲ ಸಣ್ಣ ಕೊಯ್ಲಿನಲ್ಲೇ ಒಬ್ಬರು ದಿನಕ್ಕೆ ಎಷ್ಟು ಕೆಜಿ ಕೀಳುತ್ತಾರೆ ಬರೆದಿಡಿ. ದೊಡ್ಡ ಕೊಯ್ಲಿಗೆ ಎಷ್ಟು ಜನ ಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತೆ.

4. ಕೊಯ್ಲಿನ ದುಡ್ಡು ಮುಟ್ಟಬೇಡಿ

ಖರ್ಚನ್ನ ಮೂರು ಭಾಗ ಮಾಡಿ: ನಾಟಿವರೆಗೆ, ನಾಟಿಯಿಂದ ಮೊಗ್ಗಿನವರೆಗೆ, ಕೊಯ್ಲು ಮತ್ತು ಸಾಗಾಟ. ಮೂರನೆಯದನ್ನ ಬೇರೆ ತೆಗೆದಿಡಿ. ಗಿಡ ತುಂಬಾ ಹೂವಿದ್ದು ಕೂಲಿಗೆ ದುಡ್ಡಿಲ್ಲ ಅಂದರೆ, ಹೊಲಕ್ಕೇ ಬಂದವನು ಹೇಳಿದ ರೇಟಿಗೆ ಕೊಡಬೇಕಾಗುತ್ತೆ.

5. ನಡುವೆ ನಿಂತು ನೋಡಿ

ಸೆಪ್ಟೆಂಬರ್ 25ಕ್ಕೆ, ಅಂದರೆ ನಾಟಿಯಾಗಿ ಸುಮಾರು 40 ದಿನಕ್ಕೆ, ಹೊಲದ ನಾಲ್ಕು ಮೂಲೆ ಮತ್ತು ನಡುವೆ 10-10 ಗಿಡ ನೋಡಿ. 50ರಲ್ಲಿ ಎಷ್ಟಕ್ಕೆ ಮೊಗ್ಗು ಬಂದಿದೆ? ಬಹುಪಾಲು ಗಿಡದಲ್ಲಿ ಕಾಣದಿದ್ದರೆ ಹಬ್ಬಕ್ಕೆ ಪೂರ್ತಿ ಹೂ ಸಿಗೋದು ಕಷ್ಟ. ಆಗ ಮಂಡಿಯವರಿಗೂ ಮೇಸ್ತ್ರಿಗೂ ಅವತ್ತೇ ಹೇಳಿ, ಹೆಚ್ಚಿನ ಹೂವನ್ನ ದೀಪಾವಳಿ ಲೆಕ್ಕಕ್ಕೆ ತಿರುಗಿಸಿ. ಕೆಟ್ಟ ಸುದ್ದಿ ಬೇಗ ಹೇಳಿದವನನ್ನ ಮಂಡಿಯಲ್ಲಿ ನಂಬುತ್ತಾರೆ. ಬೇಗ ಅರಳುತ್ತಿದ್ದರೆ ದೇವಸ್ಥಾನ, ಮದುವೆ ಮಂಟಪದವರನ್ನ ವಿಚಾರಿಸಿ. ಇನ್ನೂ ಒಳ್ಳೇದು, ಅರ್ಧ ಎಕರೆ ದಸರಾಕ್ಕೆ, ಉಳಿದರ್ಧ ಮೂರು ವಾರ ತಡವಾಗಿ ನಾಟಿ ಮಾಡಿ ದೀಪಾವಳಿಗೆ ಇಡೋದು.

6. ಬೆನ್ನಿಗೆ ಯಾರಿದ್ದಾರೆ?

ಒಬ್ಬರೇ ಎಲ್ಲಾ ತಿಳಿದಿರಬೇಕಿಲ್ಲ, ಯಾರನ್ನ ಯಾವಾಗ ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

- ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಹವಾಮಾನ ಸಲಹೆ ಬರುತ್ತೆ. ನಾಟಿ, ಸಿಂಪಡಣೆ, ಕೊಯ್ಲಿನ ದಿನ ಅದನ್ನ ನೋಡಿ ಇಟ್ಟುಕೊಳ್ಳಿ.
- ರೋಗ, ಹುಳ ಕಂಡ ದಿನವೇ ಫೋಟೋ ತೆಗೆದು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು.
- ಹೆಸರಘಟ್ಟದ ಐಐಎಚ್ಆರ್ ಚೆಂಡು ಹೂವಿನ ತಳಿಗಳನ್ನೂ, ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಜೈವಿಕ ಗೊಬ್ಬರವನ್ನೂ ಹೊರತಂದಿದೆ.
- ಡ್ರಿಪ್ ಸಬ್ಸಿಡಿ ಬೇಕಾದರೆ ಮೊದಲು ತಾಲೂಕು ತೋಟಗಾರಿಕೆ ಇಲಾಖೆಯಲ್ಲಿ ಅರ್ಜಿ, ಮಂಜೂರಾತಿ, ಆಮೇಲೆ ಪೈಪ್. ಫ್ರೂಟ್ಸ್ ಐಡಿ ಇಲ್ಲದಿದ್ದರೆ ಇವತ್ತೇ ಮಾಡಿಸಿ.

ಈ ವಾರದ ಕೆಲಸ ಇಷ್ಟೇ. ಯಾವ ಬೆಳೆಯಾದರೂ ಸರಿ, ಮಾರುವ ದಿನ ಹಾಳೆಯ ಕೆಳಗೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಒಂದೊಂದೇ ಕೆಲಸ, ಅದರ ತಾರೀಖು, ಅದನ್ನ ಮಾಡುವವರ ಹೆಸರು ತುಂಬಿ. ಎಲ್ಲಿ ಹೆಸರಿಲ್ಲವೋ, ಎಲ್ಲಿ ತಾರೀಖು ಆಗಲೇ ದಾಟಿದೆಯೋ, ಮೊದಲು ಆ ಸಾಲು ಸರಿ ಮಾಡಿ.